ಕೂಲಿಬಾಲಿಯನ್ನು ಬೀಳ್ಕೊಟ್ಟ ನಗರ

ಯೂರೋಪಿನ ಫುಟ್‌ಬಾಲ್ ಲೋಕದಲ್ಲಿ ಬೇಸಗೆ ಬಂದು, ಲೀಗ್ ಪಂದ್ಯಗಳು ಮುಗಿದು, ಮೈದಾನಗಳು ಬರಿದಾದೊಡನೆ ಆಟಗಾರರ ಕ್ರಯವಿಕ್ರಯದ ಕಾಲ ಆರಂಭವಾಗುತ್ತದೆ. ಆ ಎರಡು ಮೂರು ತಿಂಗಳಲ್ಲಿ ಏಳುವ ನೂರಾರು ಪ್ರಶ್ನೆಗಳಲ್ಲಿ ಅತ್ಯಂತ ಕಠಿನವಾದುದು ಯಾವುದೆಂದು ಕೇಳಿದರೆ, ಹೆಚ್ಚು ಬೆಲೆಬಾಳುವ ರಕ್ಷಣಾ ಆಟಗಾರನೊಬ್ಬನನ್ನು ತಂಡವು ಬಿಟ್ಟುಕೊಡಬಹುದೆ, ಕೂಡದೆ ಎಂಬುದೇ ಎಂದು ನಾನು ಹೇಳುವೆನು. ಗೋಲು ಹೊಡೆಯತಕ್ಕವನನ್ನು ಮಾರಿದರೆ ತಂಡಕ್ಕೆ ಎಷ್ಟು ನಷ್ಟವಾಯಿತೆಂಬುದನ್ನು ಮುಂದಿನ ವರ್ಷದ ಗೋಲುಗಳ ಪಟ್ಟಿಯೇ ಸಾರಿ ಹೇಳುತ್ತದೆ. ಗೋಲಾಗದಂತೆ ತಡೆಯತಕ್ಕವನ ಕಾರ್ಯವಾದರೋ ಸಂಭವಿಸದೆ ಉಳಿದ ಅನರ್ಥಗಳಲ್ಲಿ ಅಡಗಿರುವುದರಿಂದ, ಆತನು ಎದುರಿಗಿರುವಾಗ ಅದು ಯಾರ ಕಣ್ಣಿಗೂ ಪೂರ್ತಿಯಾಗಿ ಬೀಳದು, ಆತನು ಹೊರಟುಹೋದ ಮೇಲೆ ಆದ ಹಾನಿಯಲ್ಲಿ ಆತನ ಗೈರುಹಾಜರಿಯ ಪಾಲೆಷ್ಟು, ಉಳಿದವರ ದೋಷದ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದೂ ಸುಲಭವಲ್ಲ. ಈ ಪ್ರಶ್ನೆಯನ್ನು ಕೇವಲ ತರ್ಕದಿಂದ ಬಿಡಿಸಲು ಹೊರಡುವುದಕ್ಕಿಂತ, ಅದೇ ಪರೀಕ್ಷೆಯನ್ನು ಒಂದರ ಹಿಂದೊಂದರಂತೆ ಎರಡು ಬೇಸಗೆಗಳಲ್ಲಿ ಎದುರಿಸಿ, ಮೊದಲನೆಯದರಲ್ಲಿ ಅನಿರೀಕ್ಷಿತವಾದ ಕೀರ್ತಿಯನ್ನೂ ಎರಡನೆಯದರಲ್ಲಿ ಅಷ್ಟೇ ಅನಿರೀಕ್ಷಿತವಾದ ಪತನವನ್ನೂ ಕಂಡ ಒಂದು ತಂಡದ ಕಥೆಯನ್ನು ಸಾವಧಾನವಾಗಿ ನೋಡುವುದು ಮೇಲು. ಆ ತಂಡ ಇಟಲಿಯ ದಕ್ಷಿಣ ಭಾಗದ ನೇಪಲ್ಸ್ ನಗರದ ನಾಪೊಲಿ.

ನಾಪೊಲಿಯ ಹೆಸರು ಕೇಳಿದೊಡನೆ ನಮ್ಮವರಿಗೆ ನೆನಪಾಗುವವನು ಡಿಯೇಗೊ ಮರಡೋನ. 1987ರಲ್ಲಿಯೂ 1990ರಲ್ಲಿಯೂ ಆತನ ಬಲದಿಂದ ಇಟಲಿಯ ಲೀಗ್ ಪ್ರಶಸ್ತಿಯನ್ನು ಗೆದ್ದ ಆ ತಂಡವು ಆತನು ಹೋದ ಬಳಿಕ ಕ್ರಮಕ್ರಮವಾಗಿ ಕುಗ್ಗಿ, 2004ರಲ್ಲಿ ದಿವಾಳಿಯೆದ್ದಿತು. ಚಲನಚಿತ್ರ ನಿರ್ಮಾಪಕರಾದ ಔರೇಲಿಯೊ ಡಿ ಲಾರೆಂಟಿಸ್ ಅದನ್ನು ಕೈಗೆತ್ತಿಕೊಂಡು, ಮೂರನೆಯ ದರ್ಜೆಯ ಲೀಗಿನಿಂದ ಮೇಲೆತ್ತಿ, 2007ರ ಹೊತ್ತಿಗೆ ಮತ್ತೆ ಮೊದಲ ದರ್ಜೆಗೆ ತಂದು ನಿಲ್ಲಿಸಿದರು. ಸಾಲಮಾಡಿ ವೈಭವ ಮೆರೆಯುವುದು ಅವರ ಸ್ವಭಾವದಲ್ಲಿರಲಿಲ್ಲ. ತಕ್ಕ ಬೆಲೆ ಬಂದಾಗ ಮಾರುವುದು, ಮಾರಿದ ಹಣದಲ್ಲಿ ಒಂದು ಭಾಗದಿಂದ ಇನ್ನೂ ಹೆಸರು ಮಾಡದ ಆಟಗಾರರನ್ನು ಹುಡುಕಿ ತರುವುದು, ಇದೇ ಅವರ ನೀತಿ. ಈ ನೀತಿಯನ್ನು ನೇಪಲ್ಸಿನ ಜನ ಎಂದೂ ಮನಸಾರೆ ಪ್ರೀತಿಸಿದವರಲ್ಲ. ಉತ್ತರದ ಟೂರಿನ್ ಮತ್ತು ಮಿಲಾನ್ ನಗರಗಳ ಸಿರಿವಂತ ತಂಡಗಳ ಎದುರಿಗೆ ತಮ್ಮ ಊರು ಸದಾ ತಲೆತಗ್ಗಿಸಬೇಕಾಯಿತೆಂಬ ಹಳೆಯ ನೋವು ಅವರಲ್ಲಿರುವುದರಿಂದ, ತಮ್ಮ ನೆಚ್ಚಿನ ಆಟಗಾರನನ್ನು ಮಾರುವುದೆಂದರೆ ಅವರಿಗೆ ಅದು ಲಾಭನಷ್ಟದ ಮಾತಲ್ಲ, ಮಾನದ ಮಾತು.

2014ರಲ್ಲಿ ಬೆಲ್ಜಿಯಮ್ ದೇಶದ ಗೆಂಕ್ ತಂಡದಿಂದ ಈ ಊರಿಗೆ ಬಂದವನು ಕಲಿದು ಕೂಲಿಬಾಲಿ. ಸೆನೆಗಲ್ ದೇಶದ ತಂದೆತಾಯಿಗಳಿಗೆ ಫ್ರಾನ್ಸಿನಲ್ಲಿ ಹುಟ್ಟಿದ ಈತನು ಬಂದ ಹೊಸತರಲ್ಲಿ ಅಷ್ಟೇನೂ ಪ್ರಸಿದ್ಧನಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆತನಿಲ್ಲದ ನಾಪೊಲಿಯನ್ನು ಊಹಿಸುವುದೇ ಕಷ್ಟವಾಯಿತು. ಆತನ ಆಟದ ಗುಣವನ್ನೂ ಆ ಊರಿಗೂ ಆತನಿಗೂ ಇದ್ದ ಸಂಬಂಧವನ್ನೂ ತಿಳಿಯಬೇಕಾದರೆ 2018ರ ಏಪ್ರಿಲ್ ತಿಂಗಳಿನ ಎಂಟು ದಿನಗಳನ್ನು ನೋಡಿದರೆ ಸಾಕು. ಏಪ್ರಿಲ್ 22ರಂದು ಟೂರಿನ್ನಿನಲ್ಲಿ ಯುವೆಂಟಸ್ ತಂಡದ ಎದುರಿಗೆ ಪಂದ್ಯ. ಯುವೆಂಟಸ್ ನಾಲ್ಕು ಅಂಕಗಳಿಂದ ಮುಂದಿದೆ. ಗೋಲಿಲ್ಲದೆ ತೊಂಬತ್ತನೆಯ ನಿಮಿಷ ಬಂದಿತು. ಬಲಗಡೆಯಿಂದ ಹೋಸೆ ಕಯೆಹೋನ್ ಕಾರ್ನರ್ ಕಿಕ್ ಹೊಡೆದನು. ತನ್ನ ರಕ್ಷಣಾ ಸ್ಥಾನವನ್ನು ಬಿಟ್ಟು ಮುಂದೆ ಬಂದಿದ್ದ ಕೂಲಿಬಾಲಿಯು ಮೆಡಿ ಬೆನಾಟಿಯನಿಗಿಂತ ಎತ್ತರಕ್ಕೆ ನೆಗೆದು, ಗಾಳಿಯಲ್ಲಿ ಒಂದು ಕ್ಷಣ ನಿಂತವನಂತೆ ಕಂಡು, ಹಣೆಯಿಂದ ಚೆಂಡನ್ನು ಹೊಡೆದ ಹೊಡೆತಕ್ಕೆ ಜಾನ್‌ಲುಯಿಜಿ ಬುಫೋನನಂತಹ ಗೋಲ್‌ಕೀಪರನಿಂದಲೂ ಉತ್ತರ ಕೊಡಲಾಗಲಿಲ್ಲ. ಅಂತರ ಒಂದೇ ಅಂಕಕ್ಕೆ ಇಳಿಯಿತು. ಆ ರಾತ್ರಿ ತಂಡ ಊರಿಗೆ ಮರಳಿದಾಗ ವಿಮಾನ ನಿಲ್ದಾಣದ ಬಳಿ ಸಾವಿರಾರು ಜನ ನಿದ್ದೆಗೆಟ್ಟು ಕಾದಿದ್ದರು. ಮುಂದಿನ ವಾರ, ಏಪ್ರಿಲ್ 29ರಂದು ಫ್ಲಾರೆನ್ಸಿನಲ್ಲಿ, ಪಂದ್ಯ ಆರಂಭವಾಗಿ ಹತ್ತು ನಿಮಿಷವೂ ಆಗಿರದಾಗ, ಜೋವಾನಿ ಸಿಮಿಯೋನೆ ಎಂಬ ಎದುರಾಳಿಯನ್ನು ಬೀಳಿಸಿದ ತಪ್ಪಿಗೆ ಇದೇ ಕೂಲಿಬಾಲಿ ಕೆಂಪು ಕಾರ್ಡು ಪಡೆದು ಹೊರನಡೆದನು. ಆತನಿಲ್ಲದ ರಕ್ಷಣಾ ಸಾಲನ್ನು ಸೀಳಿ ಅದೇ ಸಿಮಿಯೋನೆ ಮೂರು ಗೋಲು ಹೊಡೆದನು. 91 ಅಂಕ ಗಳಿಸಿಯೂ ನಾಪೊಲಿ ಆ ವರ್ಷ ಎರಡನೆಯ ಸ್ಥಾನದಲ್ಲಿಯೇ ಉಳಿಯಿತು. ಆತನಿದ್ದಾಗ ಏನಾಗುತ್ತದೆ, ಇಲ್ಲದಾಗ ಏನಾಗುತ್ತದೆ ಎಂಬುದನ್ನು ಒಂದೇ ವಾರದಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿದ ಉದಾಹರಣೆ ನನಗೆ ಬೇರೊಂದು ತಿಳಿಯದು.

ಅದೇ ವರ್ಷದ ಡಿಸೆಂಬರ್ 26ರಂದು ಮಿಲಾನಿನಲ್ಲಿ ಇಂಟರ್ ತಂಡದ ಎದುರಿಗೆ ಆಡುವಾಗ ಪ್ರೇಕ್ಷಕರಲ್ಲಿ ಒಂದು ಗುಂಪು ಆತನ ಮೈಬಣ್ಣವನ್ನು ಹೀಯಾಳಿಸಿ ಕೋತಿಯ ಕೂಗನ್ನು ಕೂಗಿತು. ಪಂದ್ಯವನ್ನು ನಿಲ್ಲಿಸಬೇಕೆಂದು ನಾಪೊಲಿಯವರು ಮತ್ತೆ ಮತ್ತೆ ಕೇಳಿಕೊಂಡರೂ ರೆಫರಿ ನಿಲ್ಲಿಸಲಿಲ್ಲ. ಮನನೊಂದ ಕೂಲಿಬಾಲಿ ಕೊನೆಗೆ ತಾಳ್ಮೆಗೆಟ್ಟು, ತನಗೆ ಹಳದಿ ಕಾರ್ಡು ತೋರಿಸಿದ ರೆಫರಿಗೆ ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿ ಹೊರಗೆ ಕಳುಹಿಸಲ್ಪಟ್ಟನು. ಮುಂದಿನ ಪಂದ್ಯಕ್ಕೆ ನೇಪಲ್ಸಿನ ಅಭಿಮಾನಿಗಳು ಆತನ ಮುಖದ ಚಿತ್ರಗಳನ್ನು ಹಿಡಿದು ಬಂದು ತಾವೆಲ್ಲರೂ ಕೂಲಿಬಾಲಿಗಳೇ ಎಂದು ತೋರಿಸಿಕೊಂಡರು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ಇಂತಹ ಆಟಗಾರನ ಬೆಲೆಯನ್ನು ನಿರ್ಣಯಿಸುವಾಗ ಆತನ ವಯಸ್ಸು, ವೇಗ, ಒಪ್ಪಂದದ ಅವಧಿ ಇವನ್ನೆಲ್ಲ ಎಣಿಸುವವರು, ಒಂದು ಊರು ತನ್ನ ಮುಖವನ್ನು ಆತನ ಮುಖದಲ್ಲಿ ಕಂಡಿತೆಂಬ ಸಂಗತಿಗೆ ಲೆಕ್ಕದ ಪುಸ್ತಕದಲ್ಲಿ ಸ್ಥಳವಿಲ್ಲವೆಂದು ಅದನ್ನು ಕೈಬಿಡುತ್ತಾರೆ. ಹಾಗೆ ಕೈಬಿಡುವುದು ನ್ಯಾಯವಲ್ಲ. ಆ ಸಂಗತಿಗೆ ಬೆಲೆ ಕಟ್ಟಲಾಗದೆಂಬುದು ನಿಜ. ಆದರೆ ಬೆಲೆ ಕಟ್ಟಲಾಗದ್ದೆಲ್ಲವೂ ಬೆಲೆಯಿಲ್ಲದ್ದಾಗುವುದಿಲ್ಲ.

ಇನ್ನು 2022ರ ಬೇಸಗೆ. ಕೂಲಿಬಾಲಿಗೆ 31 ವರ್ಷ ತುಂಬಿತ್ತು. ಆ ಫೆಬ್ರುವರಿಯಲ್ಲಿ ಆತನ ನಾಯಕತ್ವದಲ್ಲಿ ಸೆನೆಗಲ್ ಮೊತ್ತಮೊದಲ ಬಾರಿಗೆ ಆಫ್ರಿಕಾ ಖಂಡದ ಚಾಂಪಿಯನ್ ಆಗಿದ್ದಿತು. ನಾಪೊಲಿಯೊಡನೆ ಇದ್ದ ಒಪ್ಪಂದದಲ್ಲಿ ಉಳಿದದ್ದು ಒಂದೇ ವರ್ಷ. ಬಾಸ್ಮನ್ ಎಂಬ ಬೆಲ್ಜಿಯಮ್ಮಿನ ಆಟಗಾರನ ಮೊಕದ್ದಮೆಯಲ್ಲಿ ಯೂರೋಪಿನ ನ್ಯಾಯಾಲಯವು 1995ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನ ಅನಂತರ, ಒಪ್ಪಂದ ಮುಗಿದ ಆಟಗಾರನು ಯಾರಿಗೂ ಒಂದು ಕಾಸನ್ನೂ ಕೊಡಿಸದೆ ಬೇಕಾದ ತಂಡಕ್ಕೆ ಹೋಗಬಹುದಾಗಿದೆ. ಕೊನೆಯ ಆರು ತಿಂಗಳಲ್ಲಿಯೇ ಹೊರದೇಶದ ತಂಡದೊಡನೆ ಮುಂದಿನ ಒಪ್ಪಂದಕ್ಕೆ ಸಹಿ ಹಾಕಲೂಬಹುದು. ಆದುದರಿಂದ ಒಂದು ವರ್ಷ ಉಳಿದಿರುವಾಗ ತಂಡದ ಎದುರಿಗೆ ಇರುವ ದಾರಿಗಳು ಮೂರೇ: ಹೊಸ ಒಪ್ಪಂದಕ್ಕೆ ಆಟಗಾರನನ್ನು ಒಪ್ಪಿಸುವುದು, ಈಗಲೇ ಮಾರುವುದು, ಇಲ್ಲವೆ ಇನ್ನೊಂದು ವರ್ಷ ಆಡಿಸಿಕೊಂಡು ಬರಿಗೈಯಲ್ಲಿ ಕಳುಹಿಸುವುದು. ಲೆಕ್ಕಪತ್ರದ ಆಕರ್ಷಣೆಯೂ ಒಂದಿದೆ. ಆಟಗಾರನನ್ನು ಕೊಂಡ ಹಣವನ್ನು ಕ್ಲಬ್ಬುಗಳು ಒಪ್ಪಂದದ ವರ್ಷಗಳ ಮೇಲೆ ಹಂಚಿ ಖರ್ಚು ಬರೆಯುತ್ತವಾದ್ದರಿಂದ, ಎಂಟು ವರ್ಷ ಆಡಿದವನ ಹೆಸರಿನಲ್ಲಿ ಪುಸ್ತಕದಲ್ಲಿ ಉಳಿದಿರುವುದು ಅತ್ಯಲ್ಪ. ಮಾರಿದ ಬೆಲೆ ಹೆಚ್ಚುಕಡಮೆ ಪೂರ್ತಿಯಾಗಿ ಆ ವರ್ಷದ ಲಾಭವಾಗಿ ಕಾಣಿಸುತ್ತದೆ. ಜುಲೈ 16ರಂದು, ನಾಲ್ಕು ಕೋಟಿ ಯೂರೊಗಳಿಗೆ ಸಮೀಪದ ಮೊತ್ತಕ್ಕೆ, ಕೂಲಿಬಾಲಿ ಲಂಡನ್ನಿನ ಚೆಲ್ಸಿ ತಂಡಕ್ಕೆ ಸೇರಿದನು. ನೇಪಲ್ಸಿನಲ್ಲಿಯೇ ಹುಟ್ಟಿದ ನಾಯಕ ಲೊರೆಂಜೊ ಇನ್ಸಿನ್ಯೆಯೂ, ತಂಡದ ಪರವಾಗಿ ಅತಿ ಹೆಚ್ಚು ಗೋಲು ಹೊಡೆದ ಡ್ರೀಸ್ ಮೆರ್ಟೆನ್ಸನೂ ಅದೇ ಬೇಸಗೆಯಲ್ಲಿ ಹೊರಟಿದ್ದರು. ಜನರ ರೋಷಕ್ಕೆ ಮಿತಿಯಿರಲಿಲ್ಲ. ಅಧ್ಯಕ್ಷರು ತಂಡವನ್ನು ಹಳ್ಳಕ್ಕೆ ತಳ್ಳಿದರೆಂದೇ ಎಲ್ಲರ ಮಾತು.

ಹನ್ನೊಂದು ದಿನಗಳಾದ ಮೇಲೆ, ಜುಲೈ 27ರಂದು, ಟರ್ಕಿಯ ಫೆನೆರ್‌ಬಾಚೆ ತಂಡದಿಂದ ಕಿಮ್ ಮಿನ್-ಜೇ ಎಂಬ 25 ವರ್ಷದ ಕೊರಿಯಾದವನು ಬಂದನು. ಕೊಟ್ಟದ್ದು ಸುಮಾರು 1.8 ಕೋಟಿ ಯೂರೊ, ಎಂದರೆ ಬಂದ ಹಣದ ಅರ್ಧದಷ್ಟೂ ಅಲ್ಲ. ಯೂರೋಪಿನಲ್ಲಿ ಆತನು ಆಡಿದ್ದುದು ಒಂದೇ ವರ್ಷ. ಆತನನ್ನು ಆರಿಸಿ ತಂದವರು ತಂಡದ ಕ್ರೀಡಾ ನಿರ್ದೇಶಕರಾದ ಕ್ರಿಸ್ಟಿಯಾನೊ ಜುಂಟೋಲಿ. ಆತನನ್ನು ತಮ್ಮ ಕ್ರಮಕ್ಕೆ ಹೊಂದಿಸಿಕೊಂಡವರು ತರಬೇತುದಾರ ಲುಚಾನೊ ಸ್ಪಲೆಟ್ಟಿ. ಸ್ಪಲೆಟ್ಟಿಯವರ ತಂಡ ಎದುರಾಳಿಯನ್ನು ಆತನ ಅರ್ಧದಲ್ಲಿಯೇ ಒತ್ತಿ ಹಿಡಿಯುತ್ತಿದ್ದುದರಿಂದ ರಕ್ಷಣಾ ಸಾಲು ಮೈದಾನದ ಮಧ್ಯರೇಖೆಯವರೆಗೂ ಏರಿ ನಿಲ್ಲಬೇಕಾಗಿತ್ತು. ಹಾಗೆ ನಿಂತವರ ಹಿಂದೆ ಬಯಲು ಬಿದ್ದಿರುತ್ತದೆ. ಆ ಬಯಲಿಗೆ ಚೆಂಡು ಬಂದರೆ ಓಡಿ ಹಿಂದೆ ಹೋಗಬಲ್ಲ ಕಾಲೂ, ಅದು ಬರುವ ಮೊದಲೇ ಮುನ್ನುಗ್ಗಿ ಎದುರಾಳಿಯ ಕಾಲಿನಿಂದ ಅದನ್ನು ಕಸಿಯಬಲ್ಲ ಧೈರ್ಯವೂ ಬೇಕು. ಕಿಮ್‌ನಲ್ಲಿ ಎರಡೂ ಇದ್ದವು. ಸೆಪ್ಟೆಂಬರ್ 18ರಂದು ಮಿಲಾನಿನಲ್ಲಿ ನಾಪೊಲಿ 2-1ರಿಂದ ಮುಂದಿದ್ದಾಗ, ಕೊನೆಯ ಕ್ಷಣಗಳಲ್ಲಿ ಗೋಲಿನ ಸಮೀಪದಿಂದ ಬ್ರಾಹಿಂ ಡಿಯಾಸ್ ಮಾಡಿದ ಪ್ರಯತ್ನಕ್ಕೆ ಈತನು ಅಡ್ಡಬಂದು ತಡೆದನು. ತಡೆದವನು ತಾನೇ ಗೋಲು ಹೊಡೆದವನಂತೆ ಮುಷ್ಟಿ ಬಿಗಿದು ಕೂಗಿದನು, ಜತೆಯವರು ಬಂದು ಆತನನ್ನು ತಬ್ಬಿಕೊಂಡರು. ಅಂದಿನ ಗೆಲುವಿನ ಗೋಲನ್ನು ಹೆಡರಿನಿಂದ ಹೊಡೆದವನು, ಫ್ಲಾರೆನ್ಸಿನಲ್ಲಿ ನಾಪೊಲಿಯ ಪ್ರಶಸ್ತಿಯ ಕನಸನ್ನು ಮುರಿದಿದ್ದ ಜೋವಾನಿ ಸಿಮಿಯೋನೆ. ಆತನೂ ಈಗ ನಾಪೊಲಿಯ ಆಳು. 2023ರ ಮೇ 4ರಂದು, ಇನ್ನೂ ಐದು ಪಂದ್ಯಗಳು ಉಳಿದಿರುವಾಗಲೇ, 33 ವರ್ಷಗಳ ಬಳಿಕ ಲೀಗ್ ಪ್ರಶಸ್ತಿ ನೇಪಲ್ಸಿಗೆ ಬಂದಿತು. ಕೂಲಿಬಾಲಿಯ ಕೊನೆಯ ವರ್ಷದಲ್ಲಿ ತಂಡ ಬಿಟ್ಟುಕೊಟ್ಟಿದ್ದ ಗೋಲುಗಳು 31. ಆತನಿಲ್ಲದ ಈ ವರ್ಷದಲ್ಲಿ 28. ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರನೆಂದು ಕಿಮ್‌ನನ್ನೇ ಆರಿಸಲಾಯಿತು.

ಇದರಿಂದ ಅನೇಕರು ಒಂದು ಪಾಠ ಕಲಿತರು. ಯಾವ ರಕ್ಷಣಾ ಆಟಗಾರನೂ ಅನಿವಾರ್ಯನಲ್ಲ, ಒಳ್ಳೆಯ ಬೆಲೆ ಬಂದರೆ ಮಾರಿ ಇನ್ನೊಬ್ಬನನ್ನು ತರಬಹುದು ಎಂಬುದು ಆ ಪಾಠ. ಇದನ್ನು ನಾನು ಒಪ್ಪುವುದಿಲ್ಲ. ನಾನು ಒಪ್ಪದಿರುವುದಕ್ಕೆ ಕಾರಣವನ್ನು ಮರುವರ್ಷವೇ ನಾಪೊಲಿ ತನ್ನ ಕೈಯಾರೆ ಒದಗಿಸಿತು.

ಕಿಮ್‌ನ ಒಪ್ಪಂದದಲ್ಲಿ ಒಂದು ಬಿಡುಗಡೆಯ ಷರತ್ತು ಇದ್ದಿತು. 2023ರ ಜುಲೈ ತಿಂಗಳಿನ ಮೊದಲ ಹದಿನೈದು ದಿನಗಳಲ್ಲಿ ಹೊರದೇಶದ ಯಾವ ತಂಡವಾಗಲಿ ಸುಮಾರು ಐದು ಕೋಟಿ ಯೂರೊಗಳನ್ನು ಮುಂದಿಟ್ಟರೆ ನಾಪೊಲಿ ಬೇಡವೆನ್ನುವಂತಿರಲಿಲ್ಲ. ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕದಿಂದಾಗಿ ತನ್ನ ದೇಶದ ದೀರ್ಘಕಾಲದ ಸೈನ್ಯಸೇವೆಯಿಂದ ವಿನಾಯಿತಿ ಪಡೆದಿದ್ದರೂ ಕಡ್ಡಾಯವಾದ ಮೂರು ವಾರಗಳ ಪ್ರಾಥಮಿಕ ತರಬೇತಿಗಾಗಿ ಕಿಮ್ ಆಗ ಕೊರಿಯಾಕ್ಕೆ ಹೋಗಿದ್ದನು. ಆತನನ್ನು ಪರೀಕ್ಷಿಸಲು ಜರ್ಮನಿಯ ಬಯರ್ನ್ ಮ್ಯೂನಿಕ್ ತಂಡದವರು ವೈದ್ಯರನ್ನು ಅಲ್ಲಿಗೇ ಕಳುಹಿಸಿದರು, ಜುಲೈ 18ರಂದು ಆತನು ತಮ್ಮವನೆಂದು ಪ್ರಕಟಿಸಿದರು. ಹಣದ ದೃಷ್ಟಿಯಿಂದ ನೋಡಿದರೆ ಇದು 2022ರ ವ್ಯಾಪಾರಕ್ಕಿಂತಲೂ ಲಾಭದಾಯಕ: ಒಂದೇ ವರ್ಷದಲ್ಲಿ ಕೊಟ್ಟ ಬೆಲೆಯ ಎರಡೂವರೆ ಪಟ್ಟಿಗೂ ಮಿಕ್ಕಿ ಕೈಸೇರಿತು. ಆದರೆ ಹಿಂದಿನ ವರ್ಷ ಕಿಮ್‌ನನ್ನು ಹುಡುಕಿ ತಂದಿದ್ದ ಜುಂಟೋಲಿಯವರು ಆ ಹೊತ್ತಿಗೆ ಯುವೆಂಟಸ್ ಸೇರಿದ್ದರು. ಆತನನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲ ಸ್ಪಲೆಟ್ಟಿಯವರು ವಿಶ್ರಾಂತಿಯನ್ನು ಬಯಸಿ ತಂಡವನ್ನು ಬಿಟ್ಟು, ಆಮೇಲೆ ಇಟಲಿಯ ರಾಷ್ಟ್ರೀಯ ತಂಡದ ತರಬೇತಿಗೆ ಹೋದರು. ಕಿಮ್‌ನ ಸ್ಥಾನಕ್ಕೆಂದು ಬ್ರೆಜಿಲಿನಿಂದ ನಾಟಾನ್ ಎಂಬ ತರುಣನನ್ನು ಸುಮಾರು ಒಂದು ಕೋಟಿ ಯೂರೊ ಕೊಟ್ಟು ತರಲಾಯಿತು. ಯೂರೋಪಿನಲ್ಲಿ ಎಂದೂ ಆಡಿರದ ಆತನ ಮೇಲೆ ಈ ಭಾರವನ್ನು ಹೊರಿಸಿದ್ದು ಆತನಿಗೂ ಅನ್ಯಾಯ. ಆ ಒಂದೇ ವರ್ಷದಲ್ಲಿ ರೂಡಿ ಗಾರ್ಸಿಯಾ, ವಾಲ್ಟರ್ ಮಟ್ಸಾರಿ, ಫ್ರಾಂಚೆಸ್ಕೊ ಕಾಲ್ಟ್ಸೋನ ಎಂದು ಮೂವರು ತರಬೇತುದಾರರು ಬದಲಾದರು. ಪ್ರಶಸ್ತಿ ಗೆದ್ದ ತಂಡ 10ನೆಯ ಸ್ಥಾನಕ್ಕೆ ಕುಸಿಯಿತು. ಬಿಟ್ಟುಕೊಟ್ಟ ಗೋಲುಗಳು 28ರಿಂದ 48ಕ್ಕೆ ಏರಿದವು. ಯೂರೋಪಿನ ಯಾವ ಪಂದ್ಯಾವಳಿಗೂ ಅರ್ಹತೆ ದೊರೆಯಲಿಲ್ಲ.

ಈ ಕುಸಿತವೆಲ್ಲವನ್ನೂ ಒಬ್ಬ ಕಿಮ್‌ನ ನಿರ್ಗಮನದ ತಲೆಗೆ ಕಟ್ಟುವುದು ಸರಿಯಾಗದು. ಅದೇ ವರ್ಷ ನಾಪೊಲಿ ಹೊಡೆದ ಗೋಲುಗಳೂ 77ರಿಂದ 55ಕ್ಕೆ ಇಳಿದಿದ್ದವು. ವಿಕ್ಟರ್ ಒಸಿಮೆನ್ ಮತ್ತು ಖ್ವಿಚಾ ಕ್ವಾರತ್‌ಸ್ಕೇಲಿಯ ಇಬ್ಬರೂ ತಂಡದಲ್ಲಿಯೇ ಇದ್ದರೂ ಹೀಗಾಯಿತು. ಆದರೆ ಇದೇ ನನ್ನ ಮಾತಿಗೆ ಆಧಾರ. ಹಳೆಯ ಮನೆಯ ಕಂಬವೊಂದನ್ನು ಬದಲಿಸಬೇಕಾದಾಗ ಬಡಗಿಯು ಮೊದಲು ಆಸರೆಯ ಮರವನ್ನು ಕೊಟ್ಟು ತೊಲೆಯನ್ನು ಎತ್ತಿ ಹಿಡಿದು ಆಮೇಲೆ ಕಂಬಕ್ಕೆ ಕೈಹಚ್ಚುತ್ತಾನೆ. ನಾಪೊಲಿಯಾದರೋ 2023ರಲ್ಲಿ ಕಂಬವನ್ನೂ ಆಸರೆಯನ್ನೂ ಬಡಗಿಯನ್ನೂ ಏಕಕಾಲಕ್ಕೆ ಕಳುಹಿಸಿಕೊಟ್ಟಿತು. 2022ರಲ್ಲಿ ಹೋದವನು ಆಟಗಾರ ಮಾತ್ರ. ಆತನಂತಹವನನ್ನು ಗುರುತಿಸಬಲ್ಲ ಕಣ್ಣೂ, ಬಂದವನನ್ನು ಉಳಿದ ಹತ್ತು ಮಂದಿಯೊಡನೆ ಹೊಂದಿಸಬಲ್ಲ ಬುದ್ಧಿಯೂ ತಂಡದೊಳಗೇ ಉಳಿದಿದ್ದವು. ಆದಕಾರಣ ತಂಡವು ಶ್ರೇಷ್ಠ ರಕ್ಷಣಾ ಆಟಗಾರನನ್ನು ಬಿಟ್ಟುಕೊಡಬಹುದೆ ಎಂಬ ಪ್ರಶ್ನೆಗೆ ನಾನು ಬೆಲೆಯನ್ನು ಕೇಳುವುದಕ್ಕೆ ಮುಂಚೆ, ಆತನನ್ನು ಆರಿಸಿದವರೂ ಆಡಿಸಿದವರೂ ಉಳಿದಿದ್ದಾರೆಯೆ ಎಂದು ಕೇಳುವೆನು. ಅವರಿದ್ದರೆ ನಾಲ್ಕು ಕೋಟಿಗೆ ಕೊಡಬಹುದು. ಅವರಿಲ್ಲದಿದ್ದರೆ ಹತ್ತು ಕೋಟಿಯೂ ಸಾಲದು.

ರಕ್ಷಣಾ ಆಟಗಾರರ ವಿಷಯದಲ್ಲಿಯೇ ಇದು ವಿಶೇಷವಾಗಿ ಸತ್ಯವೇಕೆಂದರೆ, ಮುಂಪಡೆಯವನೊಬ್ಬನು ತನ್ನೊಬ್ಬನ ಪ್ರತಿಭೆಯಿಂದ ಪಂದ್ಯವನ್ನು ಗೆದ್ದುಕೊಡಬಹುದಾದರೂ, ಹಿಂದೆ ನಿಂತವನಿಗೆ ಆ ಸ್ವಾತಂತ್ರ್ಯವಿಲ್ಲ. ನಾಲ್ವರು ಒಂದು ಗೆರೆಯಲ್ಲಿ ಏರಬೇಕು, ಒಂದು ಗೆರೆಯಲ್ಲಿ ಇಳಿಯಬೇಕು. ಮೂವರು ಏರಿ ಒಬ್ಬನು ಎರಡು ಹೆಜ್ಜೆ ಹಿಂದುಳಿದರೂ ಆಫ್‌ಸೈಡಿನ ಬಲೆ ಹರಿದು ಎದುರಾಳಿ ಗೋಲಿನೆದುರು ಒಂಟಿಯಾಗಿ ನಿಂತಿರುತ್ತಾನೆ. ಕಿಮ್ ಮುನ್ನುಗ್ಗಿದಾಗ ಆತನು ಬಿಟ್ಟ ಜಾಗವನ್ನು ಅಮಿರ್ ರಹ್ಮಾನಿ ಮುಚ್ಚುತ್ತಿದ್ದನು, ರಹ್ಮಾನಿಯ ಬಲಗಡೆಗೆ ನಾಯಕ ಜೋವಾನಿ ಡಿ ಲೊರೆಂಟ್ಸೊ ಸರಿಯುತ್ತಿದ್ದನು, ಇವರೆಲ್ಲರ ಮುಂದೆ ಸ್ಟಾನಿಸ್ಲಾವ್ ಲೊಬೊಟ್ಕ ಕಾವಲಿದ್ದನು. ಇದು ನೂರಾರು ಬೆಳಗಿನ ಅಭ್ಯಾಸದಿಂದ ಮೈಗೂಡಿದ ತಿಳಿವಳಿಕೆ. ಹೋಗುವವನು ಇದರಲ್ಲಿ ತನ್ನ ಪಾಲನ್ನು ಮಾತ್ರ ಕೊಂಡೊಯ್ಯುತ್ತಾನಾದರೂ, ಉಳಿದ ಮೂವರ ಪಾಲು ಅರ್ಥ ಕಳೆದುಕೊಳ್ಳುತ್ತದೆ.

ಇದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಮೊದಲು ಇಂಗ್ಲೆಂಡಿನಲ್ಲಿ ಇವರಿಗಿಂತ ಅನುಭವಸ್ಥರಾದವರೇ ಎಡವಿದ್ದುಂಟು. 1998ರಲ್ಲಿ ಒಂದು ಕೋಟಿ ಪೌಂಡಿಗೂ ಮಿಕ್ಕ ಬೆಲೆಗೆ ಮ್ಯಾಂಚೆಸ್ಟರ್ ಯುನೈಟೆಡ್ ತಂಡಕ್ಕೆ ಬಂದ ಹಾಲೆಂಡಿನ ಯಾಪ್ ಸ್ಟಾಮ್, ಮೂರು ವರ್ಷಗಳಲ್ಲಿ ಮೂರು ಲೀಗ್ ಪ್ರಶಸ್ತಿಗಳನ್ನೂ 1999ರ ಯೂರೋಪಿನ ಚಾಂಪಿಯನ್ ಪಟ್ಟವನ್ನೂ ಗೆಲ್ಲುವಲ್ಲಿ ತಂಡದ ಬೆನ್ನೆಲುಬಾಗಿದ್ದನು. 2001ರ ಆಗಸ್ಟಿನಲ್ಲಿ ಆತನ ಆತ್ಮಕಥೆ ಹೊರಬಂದು, ಅದರ ಕೆಲವು ಭಾಗಗಳಿಂದ ವಿವಾದವೆದ್ದಿತು. ಅದೇ ತಿಂಗಳಲ್ಲಿ ಆತನು ಸುಮಾರು 1.65 ಕೋಟಿ ಪೌಂಡಿಗೆ ಇಟಲಿಯ ಲಾಟ್ಸಿಯೊ ತಂಡಕ್ಕೆ ಮಾರಾಟವಾದನು. ತರಬೇತುದಾರ ಅಲೆಕ್ಸ್ ಫರ್ಗ್ಯುಸನ್ ಅವರು ತನ್ನನ್ನು ಒಂದು ಪೆಟ್ರೋಲ್ ಬಂಕಿನಲ್ಲಿ ಕಾಯಹೇಳಿ, ಅಲ್ಲಿಗೆ ಬಂದು ಕಾರಿನಲ್ಲಿ ಕುಳಿತು ಈ ಸುದ್ದಿಯನ್ನು ತಿಳಿಸಿದರೆಂದು ಸ್ಟಾಮ್ ಹೇಳಿದ್ದಾನೆ. ಪುಸ್ತಕವೇ ಕಾರಣವೆಂದು ಲೋಕವೆಲ್ಲ ಆಡಿಕೊಂಡರೂ ಫರ್ಗ್ಯುಸನ್ನರು ಕೊಟ್ಟ ಕಾರಣ ಬೇರೆ: ಹಿಮ್ಮಡಿಯ ಸ್ನಾಯುರಜ್ಜಿನ ಗಾಯದ ಬಳಿಕ ಸ್ಟಾಮ್‌ನ ವೇಗ ಸ್ವಲ್ಪ ತಗ್ಗಿದಂತೆ ಅವರಿಗೆ ತೋರಿತು, ಮೂವತ್ತರ ಹೊಸ್ತಿಲಲ್ಲಿದ್ದವನಿಗೆ ಬಂದ ಬೆಲೆ ದೊಡ್ಡದಾಗಿತ್ತು. ಆ ಸ್ಥಾನಕ್ಕೆ 35 ವರ್ಷದ ಲೊರಾಂ ಬ್ಲಾಂ ಬಂದನು. ಹಿಂದಿನ ವರ್ಷ 31 ಗೋಲು ಬಿಟ್ಟಿದ್ದ ತಂಡ ಈ ವರ್ಷ 45 ಬಿಟ್ಟು ಮೂರನೆಯ ಸ್ಥಾನಕ್ಕಿಳಿಯಿತು. ಅದರ ಸ್ವಂತ ಮೈದಾನದಲ್ಲಿಯೇ ಅದನ್ನು ಸೋಲಿಸಿ ಆರ್ಸೆನಲ್ ಪ್ರಶಸ್ತಿಯನ್ನು ಎತ್ತಿಕೊಂಡಿತು. ಸ್ಟಾಮ್‌ನನ್ನು ಮಾರಿದ್ದು ತಪ್ಪೆಂದು ಫರ್ಗ್ಯುಸನ್ನರು ಅನಂತರ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. 2005ರಲ್ಲಿ ಏ.ಸಿ. ಮಿಲಾನ್ ತಂಡವು ಅವರ ತಂಡವನ್ನು ಯೂರೋಪಿನ ಪಂದ್ಯಾವಳಿಯಿಂದ ಹೊರದೂಡಿದಾಗ, ಒಂದು ಗೋಲನ್ನೂ ಬಿಟ್ಟುಕೊಡದ ಆ ತಂಡದಲ್ಲಿ ಸ್ಟಾಮ್ ಇದ್ದನು.

ತಪ್ಪನ್ನು ಸರಿಪಡಿಸಲು ಮ್ಯಾಂಚೆಸ್ಟರಿನವರು 2002ರ ಜುಲೈಯಲ್ಲಿ ಸುಮಾರು ಮೂರು ಕೋಟಿ ಪೌಂಡ್ ಸುರಿದು ಲೀಡ್ಸ್ ತಂಡದಿಂದ ರಿಯೊ ಫರ್ಡಿನಂಡನನ್ನು ಕೊಂಡರು. ಲೀಡ್ಸ್ ಆತನಿಗೆ ಕೊಟ್ಟಿದ್ದುದು 1.8 ಕೋಟಿ; ಎರಡೇ ವರ್ಷದೊಳಗೆ ಇಷ್ಟು ಲಾಭ ಎಂದರೆ ಯಾರಾದರೂ ತಲೆದೂಗುವಂತಹ ವ್ಯಾಪಾರ. ಆದರೆ ಆ ಹಣ ಹೊಸಬರನ್ನು ತರುವುದಕ್ಕೆ ಹೋಗಲಿಲ್ಲ, ಬೆಳೆದ ಸಾಲದ ಬಾಯಿಗೆ ಬಿದ್ದಿತು. ತರಬೇತುದಾರರನ್ನು ಅದಕ್ಕೆ ಮುಂಚೆಯೇ ತೆಗೆದುಹಾಕಲಾಗಿತ್ತು. ಫರ್ಡಿನಂಡನ ಹಿಂದೆಯೇ ಇತರ ಆಟಗಾರರೂ ಒಬ್ಬೊಬ್ಬರಾಗಿ ಮಾರಾಟವಾದರು. 2001ರಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ಆಡಿದ್ದ ಲೀಡ್ಸ್ 2004ರಲ್ಲಿ ಮೊದಲ ದರ್ಜೆಯಿಂದ ಹೊರಬಿದ್ದು, ಮರಳಿ ಬರಲು 2020ರವರೆಗೆ ಕಾಯಬೇಕಾಯಿತು. ಫರ್ಡಿನಂಡನಾದರೋ ಮ್ಯಾಂಚೆಸ್ಟರಿನಲ್ಲಿ ಆರು ಲೀಗ್ ಪ್ರಶಸ್ತಿಗಳನ್ನು ಗೆದ್ದನು.

ಆಟಗಾರನ ದೃಷ್ಟಿಯಿಂದಲೂ ಒಂದು ಮಾತು ಹೇಳಬೇಕು. ಕೂಲಿಬಾಲಿ ಎಂಟು ವರ್ಷ ನೇಪಲ್ಸಿಗೆ ತನ್ನ ಯೌವನವನ್ನು ಕೊಟ್ಟವನು. ರಕ್ಷಣಾ ಆಟಗಾರನ ಕಾಲುಗಳಿಗೆ 31ರ ಬಳಿಕ ಉಳಿದಿರುವ ಉತ್ತಮ ವರ್ಷಗಳು ಕೆಲವೇ. ಆ ಕೆಲವನ್ನು ಬೇರೊಂದು ದೇಶದಲ್ಲಿ ಕಳೆಯಬೇಕೆಂದು ಆತನು ಬಯಸಿದ್ದರೆ ಅದು ಕೃತಘ್ನತೆಯಲ್ಲ, ಅದನ್ನು ಗೌರವಿಸಿ ಕಳುಹಿಸಿದ್ದು ತಂಡದ ದ್ರೋಹವೂ ಅಲ್ಲ. ಹೋದಲ್ಲಿ ಆತನಿಗೆ ಸುಖ ಸಿಕ್ಕಲಿಲ್ಲ. ಮಾಲೀಕರು ಬದಲಾಗಿ, ತರಬೇತುದಾರರು ಬದಲಾಗಿ, ಚೆಲ್ಸಿ ಆ ವರ್ಷ 12ನೆಯ ಸ್ಥಾನದಲ್ಲಿ ಮುಗಿಸಿತು. ಒಂದೇ ವರ್ಷದಲ್ಲಿ ಆತನು ಸೌದಿ ಅರೇಬಿಯಾದ ಅಲ್-ಹಿಲಾಲ್ ತಂಡಕ್ಕೆ ತೆರಳಿದನು. ನೇಪಲ್ಸಿನಲ್ಲಿ ಆತನನ್ನು ಅಷ್ಟು ಎತ್ತರಕ್ಕೆ ಏರಿಸಿದ್ದರಲ್ಲಿ ಆತನ ಪಕ್ಕದಲ್ಲಿ ನಿಂತವರ ಪಾಲೂ ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2024ರ ಬೇಸಗೆಯಲ್ಲಿ ನಾಪೊಲಿ ತಾನು ಕಳೆದುಕೊಂಡದ್ದೇನೆಂಬುದನ್ನು ಅರಿತಂತೆ ನಡೆದುಕೊಂಡಿತು. ಮೊದಲು ಜೊವಾನಿ ಮಾನ್ನ ಎಂಬ ತರುಣ ಕ್ರೀಡಾ ನಿರ್ದೇಶಕರು ಬಂದರು, ಅನಂತರ ರಕ್ಷಣೆಯ ಶಿಸ್ತಿಗೆ ಎತ್ತಿದ ಕೈಯೆನಿಸಿದ ಆಂಟೋನಿಯೊ ಕೊಂಟೆ ತರಬೇತುದಾರರಾದರು, ಇವರ ಬಳಿಕವೇ ಆಟಗಾರ. ಸುಮಾರು 3.5 ಕೋಟಿ ಯೂರೊಗೆ ಟೊರಿನೊ ತಂಡದಿಂದ ಅಲೆಸ್ಸಾಂಡ್ರೊ ಬ್ವೊಂಜೊರ್ನೊನನ್ನು ತರಲಾಯಿತು. ಬಾಲ್ಯದಿಂದ ಟೊರಿನೊದಲ್ಲಿಯೇ ಬೆಳೆದ ಆತನು ಹಿಂದಿನ ವರ್ಷ ಅಟಲಾಂಟ ತಂಡದ ಕರೆಯನ್ನು ತನ್ನ ತಂಡದ ಮೇಲಣ ಪ್ರೀತಿಯಿಂದಲೇ ನಿರಾಕರಿಸಿದ್ದನು. 1949ರ ಸುಪೆರ್ಗಾ ವಿಮಾನ ದುರಂತದಲ್ಲಿ ಮಡಿದ ಟೊರಿನೊ ಆಟಗಾರರ ಹೆಸರುಗಳನ್ನು 2024ರ ಮೇ 4ರಂದು ಆ ಬೆಟ್ಟದ ಮೇಲೆ ಓದಿದವನೂ ಆತನೇ. ಅದಾಗಿ ಮೂರು ತಿಂಗಳಾಗುವುದರೊಳಗೆ ಆತನು ಮಾರಾಟವಾದನು. ಒಂದು ಊರಿನ ಸಂಭ್ರಮದ ಖರೀದಿ ಇನ್ನೊಂದು ಊರಿನ ಎದೆಯ ನೋವೆಂಬುದನ್ನು ನೇಪಲ್ಸಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತರಬೇತುದಾರರನ್ನೂ ಅದೇ ಬೇಸಗೆಯಲ್ಲಿ ಬದಲಿಸಿದ್ದ ಟೊರಿನೊ 9ನೆಯ ಸ್ಥಾನದಿಂದ 11ಕ್ಕೆ ಇಳಿಯಿತು. ನಾಪೊಲಿ 27 ಗೋಲು ಮಾತ್ರ ಬಿಟ್ಟುಕೊಟ್ಟು 2025ರ ಮೇ 23ರಂದು ಮತ್ತೆ ಚಾಂಪಿಯನ್ ಆಯಿತು.

ಆ ವರ್ಷದಲ್ಲಿ ಬ್ವೊಂಜೊರ್ನೊ ಬೆನ್ನುಮೂಳೆಯ ಪೆಟ್ಟಿನಿಂದಲೂ ಆಮೇಲೆ ಸ್ನಾಯುವಿನ ತೊಂದರೆಯಿಂದಲೂ ಅನೇಕ ಪಂದ್ಯಗಳಲ್ಲಿ ಆಡಲಾಗಲಿಲ್ಲ. ಆತನಿಲ್ಲದಾಗ ಹಳಬನಾದ ಹುವಾನ್ ಜೀಸಸ್ ನಿಂತನು, ಕೆಲವೊಮ್ಮೆ ಎಡಬದಿಯ ಮಟಿಯಾಸ್ ಒಲಿವೇರ ಮಧ್ಯಕ್ಕೆ ಬಂದು ನಿಂತನು. ಹಿಂದಿನ ವರ್ಷ 48 ಗೋಲು ಬಿಟ್ಟ ತಂಡದಲ್ಲಿ ಈ ಇಬ್ಬರೂ ಇದ್ದವರೇ. ನಾಳೆ ಇಂಗ್ಲೆಂಡಿನ ತಂಡವೊಂದು ಬಂದು ಬ್ವೊಂಜೊರ್ನೊಗೆ ಕೈತುಂಬ ಹಣ ಕೊಡುವೆನೆಂದರೆ, ಮತ್ತು ಆತನಿಗೂ ಹೋಗುವ ಮನಸ್ಸಿದ್ದರೆ, ಕೊಂಟೆಯವರೂ ಮಾನ್ನರೂ ಇರುವವರೆಗೆ ಕೊಡಿರೆಂದೇ ನನ್ನ ಅಭಿಪ್ರಾಯ. ಅವರಿಬ್ಬರೂ ಹೊರಡುವ ಬೇಸಗೆಯಲ್ಲಿ ಆ ಪತ್ರ ಬಂದರೆ, ಅದರಲ್ಲಿ ಬರೆದ ಮೊತ್ತವನ್ನು ಓದದೆಯೇ ಹಿಂದಕ್ಕೆ ಕಳುಹಿಸತಕ್ಕದ್ದು. ಹೊಸ ಒಪ್ಪಂದವನ್ನು ಬರೆಯುವಾಗ ಬಿಡುಗಡೆಯ ಷರತ್ತನ್ನು ಸೇರಿಸಲೇಬೇಕಾಗಿ ಬಂದರೆ, ಆ ಗಡುವು ಬರುವ ವರ್ಷದ ಜನವರಿಯಲ್ಲಿಯೇ ಬದಲಿ ಆಟಗಾರನನ್ನು ತಂದು ಅಭ್ಯಾಸಕ್ಕೆ ಹಚ್ಚತಕ್ಕದ್ದು.